ಗಾಂಧಿನಗರದ ಲಾಡ್ಜ್, ಶುಕ್ರವಾರದಿಂದ ಸೋಮವಾರ: ತಿಂಡಿ ಊಟಕ್ಕೆ ಎಲ್ಲಿಗೆ ಹೋಗಬೇಕು?

ಮಾಳಮಡ್ಡಿ

ಎಲ್ಲಾರಿಗೂ ನಮಸ್ಕಾರ್ರಿ. ಜನವರಿ ಎರಡನೇ ವಾರದಾಗ ಬೆಂಗಳೂರಿಗೆ ಬರೋದೈತಿ. ಶುಕ್ರವಾರ ಬೆಳಿಗ್ಗೆ 6ರ ಸುಮಾರಿಗೆ ರೈಲು ಇಳೀತೀವಿ, ಸೋಮವಾರ ರಾತ್ರಿ ಗಾಡಿಗೆ ವಾಪಸ್ ಧಾರವಾಡಕ್ಕ. ಲಾಡ್ಜ್ ಬುಕ್ ಆಗಿದ್ದು ಗಾಂಧಿನಗರದಾಗ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಿಂದ ನಡಕೊಂಡು ಹೋಗುವಷ್ಟು ದೂರ. ಅಲ್ಲಿ ತಿಂಡಿ ಕೊಡಂಗಿಲ್ಲ.

ನಾಲ್ಕ ಮಂದಿ ಅದೀವಿ. ನಾನು, ನಮ್ಮ ಮನಿಯವರು, ಎಂಟು ವರ್ಷದ ಮಗ, ಜೊತೀಗೆ ನಮ್ಮ ಅವ್ವ. ಅವ್ವಗ ಶುಗರ್ ಐತಿ, ಮೊಣಕಾಲು ನೋವು ಬ್ಯಾರೆ. ನಿಂತು ತಿನ್ನಾಕ ಆಗಂಗಿಲ್ಲ, ದಿನಕ್ಕ ಒಂದ ಹೊತ್ತರ ಜೋಳದ ರೊಟ್ಟಿ ಬೇಕ. ಮಾಂಸ ಮುಟ್ಟಂಗಿಲ್ಲ. ನಮಗಿಬ್ಬರಿಗೆ ಒಂದ ಸಲ ದೊನ್ನೆ ಬಿರಿಯಾನಿ ತಿನ್ನೋ ಆಸೆ ಐತಿ. ಹೆಸರಾದ ಹಳೇ ಹೋಟೆಲುಗಳಿಗೂ ಹೋಗಬೇಕಂತ ಐತಿ, ಆದ್ರ ಬಾಗಲಾ ಮುಚ್ಚಿದ್ದು ನೋಡಿ ವಾಪಸ್ ಬರಂಗ ಆಗಬಾರದು. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳ್ರಿ.

ಬಳೇಪೇಟೆ ಕಾಫಿ

ನೀವು ಬರುವ ನಾಲ್ಕು ದಿನಗಳಲ್ಲೇ ಮೂರು ಹೆಸರಾಂತ ಹೋಟೆಲುಗಳ ವಾರದ ರಜೆ ಬೀಳುತ್ತೆ, ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ. ಊರಿಂದ ಬಂದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಹೆಸರು ಗೊತ್ತಿರುತ್ತೆ, ವಿಳಾಸ ಸಿಗುತ್ತೆ, ವಾರ ಮಾತ್ರ ತಪ್ಪುತ್ತೆ. ಇನ್ನೊಂದು, ಈ ಹೋಟೆಲುಗಳು ಇಡೀ ದಿನ ತೆರೆದಿರುವುದಿಲ್ಲ. ಬೆಳಗ್ಗೆ ಆರು, ಆರೂವರೆಗೆ ತೆರೆದು ಮಧ್ಯಾಹ್ನಕ್ಕೆ ಮುಚ್ಚಿ, ಮತ್ತೆ ಎರಡೋ ಮೂರೋ ಗಂಟೆ ಮೇಲೆ ತೆರೆಯುತ್ತವೆ. ಹನ್ನೆರಡು ಗಂಟೆಗೆ ದೋಸೆ ಹುಡುಕಿಕೊಂಡು ಹೊರಟರೆ ನಿರಾಸೆಯೇ.

ಹಾಗಾಗಿ ದಿನಗಳನ್ನು ಹೀಗೆ ಹಂಚಿಕೊಳ್ಳಿ.

ಶುಕ್ರವಾರ ಬೆಳಗ್ಗೆ, ಹಿಂದಿನ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿರುತ್ತೀರಿ, ದೂರ ಹೋಗಬೇಡಿ. ಬಳೇಪೇಟೆ ಮುಖ್ಯರಸ್ತೆಯಲ್ಲಿ ಉಡುಪಿ ಶ್ರೀ ಕೃಷ್ಣ ಭವನ ಇದೆ, ಹಳೇ ಪೇಟೆಯ ಹೋಟೆಲು. ಮೆಜೆಸ್ಟಿಕ್‌ನಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಆಟೊದಲ್ಲೂ ಹೋಗಬಹುದು, ಆದರೆ ಒಂಬತ್ತರ ಮೇಲೆ ಪೇಟೆ ಬೀದಿಗೆ ಗಾಡಿಗಳು ನುಗ್ಗಿ ಆಟೊ ಅಲ್ಲಾಡುವುದಿಲ್ಲ. ಅಲ್ಲಿ ಸಾಗು ಮಸಾಲೆ ದೋಸೆ ಕೇಳಿ. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು ಇರುತ್ತೆ. ಕೂತು ತಿನ್ನುವ ಹೋಟೆಲು, ಅವ್ವನವರಿಗೆ ತೊಂದರೆಯಿಲ್ಲ.

ಶನಿವಾರ ಬೆಳಗ್ಗೆ ವಿದ್ಯಾರ್ಥಿ ಭವನ. 1943ರಿಂದ ನಡೆಯುತ್ತಿರುವ ಹೋಟೆಲು. ಏಳು ಗಂಟೆಯೊಳಗೆ ಅಲ್ಲಿದ್ದರೆ ಬೇಗ ಜಾಗ ಸಿಗುತ್ತೆ. ಎಂಟೂವರೆಗೆ ಹೋದರೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು, ಮೊಣಕಾಲು ನೋವಿರುವವರಿಗೆ ಅದು ಕಷ್ಟ. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್, ಆಟೊ ಹಿಡಿಯಿರಿ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ನೀರು ನೀರಾಗಿರುತ್ತೆ, ತಟ್ಟೆಗೇ ಸುರಿಯುತ್ತಾರೆ. ಸಾಂಬಾರ್ ಕೊಡುವುದಿಲ್ಲ, ಕೇಳಬೇಡಿ. ಮಗನಿಗೆ ಒಂದು ನೋಟ ಅಲ್ಲಿ ಖಂಡಿತ ಇಷ್ಟವಾಗುತ್ತೆ. ಮಾಣಿ ಒಂದು ಕೈ ಮೇಲೆ ಭುಜದವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬರುತ್ತಾರೆ, ಇನ್ನೊಂದು ಕೈಯಿಂದ ಮೇಜಿಗೆ ಇಳಿಸುತ್ತಾ ಹೋಗುತ್ತಾರೆ. ಒಂದೂ ಅಲುಗುವುದಿಲ್ಲ.

ಭಾನುವಾರಕ್ಕೆ ಎಂ.ಟಿ.ಆರ್. 1924ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಅಭಾವವಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಇವರೇ, ಆದ್ದರಿಂದ ರವೆ ಇಡ್ಲಿಯನ್ನು ಇಲ್ಲಿ ತಿನ್ನದೆ ಬರಬೇಡಿ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಭಾನುವಾರ ಮೆಟ್ರೊ ಹೊರಡುವುದೇ 7 ಗಂಟೆಗೆ. ಬೇಗ ಹೋಗಬೇಕೆಂದರೆ ಆಟೊ ಒಂದೇ ದಾರಿ. ಎರಡು, ಲಾಲ್‌ಬಾಗ್ ಮೆಟ್ರೊ ನಿಲ್ದಾಣ ಇರುವುದು ತೋಟದ ಪಶ್ಚಿಮ ಬಾಗಿಲಲ್ಲಿ, ಹೋಟೆಲು ಇರುವುದು ಮುಖ್ಯ ಬಾಗಿಲ ಕಡೆ. ನಡುವೆ ಇಡೀ ತೋಟ ಇದೆ. ಹೆಸರು ನೋಡಿ ಅಲ್ಲಿ ಇಳಿದರೆ ಅವ್ವನವರನ್ನು ಸುಮ್ಮನೆ ನಡೆಸಿದಂತಾಗುತ್ತೆ. ಲಾಡ್ಜಿನಿಂದ ನೇರ ಆಟೊ ಮಾಡಿ, ಸುಮಾರು ಐದು ಕಿಲೋಮೀಟರ್. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅಂದರೆ ಹತ್ತಿರ ಹತ್ತಿರ 90. ಬೆಳಗ್ಗೆ 5ರೊಳಗೆ ಮತ್ತು ರಾತ್ರಿ 10ರ ಮೇಲೆ ಒಂದೂವರೆ ಪಟ್ಟು. ಮೆಜೆಸ್ಟಿಕ್‌ನಲ್ಲಿ ಇನ್ನೂರು ಕೇಳುವವರಿಗೆ ಈ ಲೆಕ್ಕ ಹೇಳಿ. ಎಂ.ಟಿ.ಆರ್. ಒಳಗೆ ಮೆಟ್ಟಿಲು ಹತ್ತಬೇಕಾಗಬಹುದು, ಕೆಳಗಡೆ ಜಾಗ ಬೇಕೆಂದು ಹೆಸರು ಕೊಡುವಾಗಲೇ ಹೇಳಿಬಿಡಿ.

ಸೋಮವಾರಕ್ಕೆ ಬ್ರಾಹ್ಮಿನ್ಸ್ ಕಾಫಿ ಬಾರ್. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ. ಇಲ್ಲೂ ಸಾಂಬಾರ್ ಇಲ್ಲ. ಚಟ್ನಿ ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ. ಆದರೆ ಮೇಜು ಕುರ್ಚಿ ಇಲ್ಲ, ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ಅವ್ವನವರು ಲಾಡ್ಜಿನಲ್ಲೇ ಉಳಿಯುವ ದಿನ ಇದ್ದರೆ ಆವತ್ತಿಗೆ ಇಟ್ಟುಕೊಳ್ಳಿ.

ಸಂಪಿಗೆ ರಸ್ತೆ

ಮೇಲಿನವರು ದಕ್ಷಿಣದ ಕಡೆಯದೆಲ್ಲ ಹೇಳಿದ್ದಾರೆ, ಮಲ್ಲೇಶ್ವರವನ್ನು ಬಿಟ್ಟಿದ್ದಾರೆ. ಗಾಂಧಿನಗರದಿಂದ ಮಲ್ಲೇಶ್ವರ ಒಂದೇ ಮೆಟ್ರೊ ನಿಲ್ದಾಣ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಭಾನುವಾರದ ಎಂ.ಟಿ.ಆರ್. ಸಾಲು ಬೇಡ ಅನ್ನಿಸಿದರೆ 7ನೇ ಕ್ರಾಸಿನ ಸಿ.ಟಿ.ಆರ್.ಗೆ ಬನ್ನಿ. ಬೋರ್ಡಿನ ಮೇಲೆ ಶ್ರೀ ಸಾಗರ್ ಅಂತಲೂ ಇರುತ್ತೆ, ಎರಡೂ ಒಂದೇ. ಬೆಣ್ಣೆ ಮಸಾಲೆಗೆ ಪ್ರಸಿದ್ಧ. ಖಾಲಿ ಮೇಜಿಗೆ ಕಾಯುತ್ತಾ ಬಾಗಿಲಲ್ಲೇ ನಿಂತರೆ ನಿಂತೇ ಇರುತ್ತೀರಿ. ಕಾಫಿ ಕುಡಿಯುತ್ತಿರುವವರ ಮೇಜು ಯಾವುದೆಂದು ನೋಡಿ ಅದರ ಪಕ್ಕ ನಿಲ್ಲಬೇಕು, ಅಲ್ಲಿಯ ಪದ್ಧತಿ ಅದು. ಅಪರಿಚಿತರ ಜೊತೆ ಒಂದೇ ಮೇಜಿಗೆ ಕೂರುವುದೂ ಮಾಮೂಲು.

15ನೇ ಕ್ರಾಸಿನ ವೀಣಾ ಸ್ಟೋರ್ಸ್ ಇಡ್ಲಿ ಬಹಳ ಚೆನ್ನ. ಆದರೆ ಅದೂ ನಿಂತು ತಿನ್ನುವ ಜಾಗ.

ಒಂದು ಎಚ್ಚರಿಕೆ. ಅಂತರ್ಜಾಲದ ಹಳೇ ಪಟ್ಟಿಗಳಲ್ಲಿ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನದ ಹೆಸರು ಇನ್ನೂ ಓಡಾಡುತ್ತಿದೆ. 2023ರ ಡಿಸೆಂಬರ್‌ನಲ್ಲಿ ಅದು ಮುಚ್ಚಿತು. ಹಾಗೆಯೇ ಇಂಡಿಯನ್ ಕಾಫಿ ಹೌಸ್ ಎಂ.ಜಿ. ರಸ್ತೆಯಲ್ಲಿದೆ ಎಂದು ಬರೆದಿದ್ದರೆ ಆ ಪಟ್ಟಿ 2009ಕ್ಕೂ ಹಿಂದಿನದು, ಅದು ಈಗ ಚರ್ಚ್ ಸ್ಟ್ರೀಟಿನಲ್ಲಿದೆ. ಮ್ಯಾಪಿನಲ್ಲಿ ಹುಡುಕುವಾಗ ನಕ್ಷತ್ರ ಎಷ್ಟು ಅಂತ ನೋಡುವ ಬದಲು ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ಕಳೆದ ಎರಡು ತಿಂಗಳದ್ದು ಓದಿ. ಮುಚ್ಚಿದ್ದು, ರುಚಿ ಕೆಟ್ಟದ್ದು, ಅಡುಗೆಯವರು ಬದಲಾದದ್ದು ಎಲ್ಲ ಅಲ್ಲೇ ಗೊತ್ತಾಗುತ್ತೆ.

ಈಗ ರೊಟ್ಟಿ ವಿಷಯ. ಗಾಂಧಿನಗರದಲ್ಲೇ ಕಾಮತ್ ಯಾತ್ರಿ ನಿವಾಸ ಇದೆ, ಅಲ್ಲಿ ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟ ಸಿಗುತ್ತೆ. ನಿಮ್ಮ ಲಾಡ್ಜಿಗೆ ಇದಕ್ಕಿಂತ ಹತ್ತಿರದ್ದು ಬೇಡ. ರೊಟ್ಟಿ ಊಟ ಯಾವ ಮಹಡಿಯಲ್ಲಿ, ಲಿಫ್ಟ್ ಇದೆಯೇ, ಆವತ್ತು ಎಷ್ಟು ಗಂಟೆಗೆ ಶುರು, ಈ ಮೂರನ್ನೂ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹೋಟೆಲಿನ ರೊಟ್ಟಿ ಊಟದಲ್ಲಿ ರೊಟ್ಟಿ ಎರಡು ಕೊಟ್ಟು ಅನ್ನ ಸಾರು ಸುರಿಯುವುದು ರೂಢಿ. ಶುಗರ್ ಇರುವವರಿಗೆ ಅದು ತಿರುವುಮುರುವಾಗಬೇಕು. ಕೂತ ತಕ್ಷಣ, ಬಡಿಸುವ ಮೊದಲೇ, ಅನ್ನ ಬೇಡ, ಇನ್ನೊಂದು ರೊಟ್ಟಿ, ಎಣ್ಣೆಗಾಯಿ ಇಲ್ಲವೇ ಕಾಳು ಪಲ್ಯ ಜಾಸ್ತಿ ಕೊಡಿ ಅಂತ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಡಿಸಿದ ಮೇಲೆ ಹೇಳಿದರೆ ಎಕ್ಸ್‌ಟ್ರಾ ಬಿಲ್ ಬೀಳುತ್ತೆ. ಇಲ್ಲಿಯ ರೊಟ್ಟಿ ನಿಮ್ಮ ಮನೆಯ ರೊಟ್ಟಿಯಷ್ಟು ತೆಳು ಇರುತ್ತೆಂದು ಮಾತ್ರ ಎಣಿಸಬೇಡಿ. ಬಿಸಿ ರೊಟ್ಟಿ ಬೇಕೋ ಕಟಿ ರೊಟ್ಟಿಯೋ ಕೇಳಿ ತರಿಸಿ.

ಸಂಪಿಗೆ ರಸ್ತೆಯ ಹಳ್ಳಿ ಮನೆಯೂ ಅವ್ವನವರಿಗೆ ಹೊಂದುತ್ತೆ. ರಾಗಿ ಮುದ್ದೆ, ರಾಗಿ ರೊಟ್ಟಿ, ಅಕ್ಕಿ ರೊಟ್ಟಿ ಸಿಗುತ್ತೆ. ಮುದ್ದೆ ಅಭ್ಯಾಸವಿಲ್ಲದಿದ್ದರೆ ಮೊದಲ ಸಲ ಒಂದನ್ನು ಇಬ್ಬರು ಹಂಚಿಕೊಳ್ಳಿ. ಅಗಿಯದೆ ಸಾರಲ್ಲಿ ಅದ್ದಿ ನುಂಗಬೇಕು, ಬಿಸಿ ಇರುವಾಗಲೇ ಮುಗಿಸಬೇಕು. ಆರಿದರೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ದೊನ್ನೆ

ಬಿರಿಯಾನಿಗೆ ಮಿಲಿಟರಿ ಹೋಟೆಲಿಗೇ ಹೋಗಿ. ನಿಮಗೆ ಹತ್ತಿರದ್ದು ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲ್, 1908ರದ್ದು. ಮೆಜೆಸ್ಟಿಕ್‌ನಿಂದ ಆಟೊ ಕನಿಷ್ಠ ದರದಲ್ಲೇ ಮುಗಿಯುತ್ತೆ. ಮಟನ್ ಬಿರಿಯಾನಿ ಜೊತೆಗೆ ಖೈಮಾ ಉಂಡೆ ತೆಗೆದುಕೊಳ್ಳಿ. ಜಾಗ ಚಿಕ್ಕದು, ಅಲಂಕಾರ ಏನೂ ಇಲ್ಲ.

ಮಿಲಿಟರಿ ಹೋಟೆಲಿನ ಹೊತ್ತು ಬೇರೆ. ರಾತ್ರಿ ಊಟಕ್ಕೆ ಅಂತ ಇಟ್ಟುಕೊಂಡರೆ ಕೆಟ್ಟಿರಿ. ಬೆಳಗ್ಗೆ ಬೇಯಿಸಿದ ಹಂಡೆ ಖಾಲಿಯಾದರೆ ಆವತ್ತಿಗೆ ಮುಗಿಯಿತು, ಮತ್ತೆ ಒಲೆ ಹಚ್ಚುವುದಿಲ್ಲ. ಮಧ್ಯಾಹ್ನ 12ರಿಂದ 1ರೊಳಗೆ ಹೋಗಿ. ಎರಡೂವರೆಗೆ ಹೋದರೆ ಹಂಡೆಯ ತಳದ ಅನ್ನ, ಮೂಳೆ ಜಾಸ್ತಿ ತುಂಡು. ಭಾನುವಾರ ಇನ್ನೂ ಬೇಗ ಖಾಲಿ. ಶುಕ್ರವಾರ ಇಲ್ಲವೇ ಶನಿವಾರ ಮಧ್ಯಾಹ್ನ ಅವ್ವನವರು, ಮಗ ಮಲಗಿರುವಾಗ ನೀವಿಬ್ಬರು ಹೋಗಿಬನ್ನಿ.

ದೊನ್ನೆ ಬಿರಿಯಾನಿಯನ್ನು ಹೈದರಾಬಾದಿ ಲೆಕ್ಕದಲ್ಲಿ ಅಳೆಯಬೇಡಿ. ಉದ್ದಕ್ಕಿಯಲ್ಲ, ಸಣ್ಣ ಜೀರಿಗೆ ಸಾಂಬಾ ಅಕ್ಕಿ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದು ಹಾಕುವುದರಿಂದ ಬಣ್ಣ ಹಸಿರು ಕಂದು. ಕೇಸರಿ ಬಣ್ಣದ ಅನ್ನ ಬಿಳಿ ಅನ್ನ ಬೇರೆ ಬೇರೆಯಾಗಿ ಕಂಡರೆ ಅದು ದೊನ್ನೆಯಲ್ಲಿ ಹಾಕಿದ ಬೇರೆ ಬಿರಿಯಾನಿ. ಈಗ ಊರೆಲ್ಲ ಬೋರ್ಡುಗಳಿವೆ, ಬಹಳ ಕಡೆ ಅಡಿಕೆ ಹಾಳೆಯ ಬಟ್ಟಲಷ್ಟೇ ದೊನ್ನೆ.

ಕಾವಲಿ

ಎಲ್ಲ ಹೊತ್ತೂ ಹೆಸರಾದ ಜಾಗಕ್ಕೆ ಹೋಗಲಾಗುವುದಿಲ್ಲ. ಮಗನಿಗೆ ಹಸಿವಾದಾಗ, ಅವ್ವನವರು ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ಲಾಡ್ಜಿನ ಆಸುಪಾಸಿನಲ್ಲೇ ತಿನ್ನಬೇಕಾಗುತ್ತೆ. ಗಾಂಧಿನಗರದ ಓಣಿಗಳಲ್ಲಿ ದರ್ಶಿನಿ, ಸಾಗರ್ ಹೋಟೆಲುಗಳು ಬೇಕಾದಷ್ಟಿವೆ. ಅದರಲ್ಲಿ ಒಳ್ಳೆಯದನ್ನು ಆರಿಸುವುದು ಹೀಗೆ.

ಬಸ್ ಸ್ಟ್ಯಾಂಡಿಗೆ ಮುಖ ಮಾಡಿರುವ ಸಾಲನ್ನು ಬಿಟ್ಟು ಎರಡು ಕ್ರಾಸ್ ಒಳಗೆ ಹೋಗಿ. ಮುಂಭಾಗದ ಹೋಟೆಲಿಗೆ ಬರುವವರು ಒಮ್ಮೆ ತಿಂದು ಬಸ್ ಹತ್ತುವವರು. ಒಳಗಿನ ಕ್ರಾಸಿನ ಹೋಟೆಲು ನಡೆಯುವುದು ಅಕ್ಕಪಕ್ಕದ ಅಂಗಡಿ, ಕಚೇರಿಯವರಿಂದ. ಅವರು ನಾಳೆಯೂ ಬರಬೇಕು, ಆದ್ದರಿಂದ ಅಡುಗೆಯಲ್ಲಿ ಅಳತೆ ತಪ್ಪುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ನಿಂತು ನೋಡಿ. ಕೈಯಲ್ಲಿ ಸೂಟ್‌ಕೇಸ್ ಇರುವವರಿಗಿಂತ ಬರಿಗೈಯವರು, ಐಡಿ ಕಾರ್ಡಿನವರು ಹೆಚ್ಚಿದ್ದರೆ ಒಳಗೆ ಹೋಗಿ.

ಬಿಲ್ ಮಾಡಿಸುವ ಮೊದಲು ಕಾವಲಿ ನೋಡಿ, ಬಹುಪಾಲು ದರ್ಶಿನಿಗಳಲ್ಲಿ ಹೊರಗಿಂದಲೇ ಕಾಣುತ್ತೆ. ಒಳ್ಳೆಯ ಭಟ್ಟರು ಒಂದೊಂದು ದೋಸೆ ಹುಯ್ಯುವುದಿಲ್ಲ, ಹತ್ತು ಹನ್ನೆರಡರ ಒಬ್ಬೆ ಹುಯ್ಯುತ್ತಾರೆ. ಒಬ್ಬೆಯ ಮೊದಲು ಕಾದ ಕಾವಲಿಗೆ ನೀರು ಚಿಮುಕಿಸಿ ತೆಂಗಿನಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ. ಅದು ಬರೀ ಶುಚಿಗಲ್ಲ, ಕಾವು ಇಳಿಸುವುದಕ್ಕೆ. ಕಾವು ಮೀರಿದ್ದರೆ ಹಿಟ್ಟು ಹರಡದೆ ಬಟ್ಟಲಿಗೇ ಅಂಟಿಕೊಂಡು ಎದ್ದು ಬರುತ್ತೆ, ದೋಸೆ ಗಂಟು ಗಂಟು. ಕಾವು ಸಾಲದಿದ್ದರೆ ಬಿಳಿಚಿಕೊಂಡು ಹಿಟ್ಟು ಹಿಟ್ಟಾಗಿರುತ್ತೆ. ನೀರು ಬಿದ್ದಾಗ ಚುಂಯ್ ಅಂದು ಆವಿಯಾಗಬೇಕು. ಒಬ್ಬೆ ಹುಯ್ದು ಆಗಲೇ ಪಲ್ಯ ಇಡುತ್ತಿದ್ದರೆ ತಕ್ಷಣ ಬಿಲ್ ಮಾಡಿಸಿ. ಮಡಿಸಿದ ದೋಸೆಗಳು ಕೌಂಟರಿನ ಮೇಲೆ ಒಂದರ ಮೇಲೊಂದು ಕೂತಿದ್ದರೆ ಕಾಯ್ದು ಮುಂದಿನ ಒಬ್ಬೆಯದು ತೆಗೆದುಕೊಳ್ಳಿ. ಬೇಯಿಸಿಟ್ಟದ್ದು ತನ್ನದೇ ಆವಿಗೆ ಮೆತ್ತಗಾಗಿರುತ್ತೆ.

ಇಡ್ಲಿಯಲ್ಲಿ ಅಂಚು ನೋಡಿ. ಈಗ ಇಳಿಸಿದ ಇಡ್ಲಿಯ ಮೈ ಮೇಲೆ ತೇವದ ಹೊಳಪಿರುತ್ತೆ. ಅಂಚು ಒಣಗಿ ತೊಗಲು ಕಟ್ಟಿದ್ದರೆ ಡಬ್ಬಿಯಲ್ಲಿ ಬಹಳ ಹೊತ್ತು ಇಟ್ಟದ್ದು. ಹಳದಿ ಛಾಯೆ ಇದ್ದು ತಿಂದ ಮೇಲೆ ನಾಲಿಗೆ ಮೇಲೆ ಸೋಡದ ರುಚಿ ಉಳಿದರೆ ಹಿಟ್ಟು ಹುದುಗು ಬರುವ ಮೊದಲೇ ಸೋಡ ಹಾಕಿ ಉಬ್ಬಿಸಿದ್ದಾರೆ. ಕಾಯಿ ಚಟ್ನಿಯನ್ನು ಮೂಸಿ ನೋಡುವುದಕ್ಕೆ ಸಂಕೋಚ ಬೇಡ. ಹನ್ನೊಂದರ ಮೇಲೆ ಅದೇ ಮೊದಲು ಹುಳಿಯುವುದು. ಸಂಶಯ ಬಂದರೆ ಸಾಂಬಾರ್ ಸಾಕು, ಅದು ಕುದಿಯುತ್ತಲೇ ಇರುತ್ತೆ. ಪ್ರವಾಸದಲ್ಲಿ ಮಕ್ಕಳ ಹೊಟ್ಟೆ ಕೆಡುವುದು ಚಟ್ನಿಯಿಂದ, ನೀರಿನಿಂದ. ಕುಡಿಯಲು ಬಿಸಿನೀರು ಕೇಳಿ, ಕೊಡುತ್ತಾರೆ.

ಸಕ್ಕರೆ ಇಲ್ಲದ ಕಾಫಿಯನ್ನು ಬಿಲ್ ಮಾಡಿಸುವಾಗ ಹೇಳಿದರೆ ಸಾಲದು. ಕಾಫಿ ಕೌಂಟರಿನವರು ಬಿಲ್ ಓದುವುದಿಲ್ಲ, ಸಕ್ಕರೆ ಹಾಕಿದ ಲೋಟ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಅವರ ಎದುರೇ ನಿಂತು ಸಕ್ಕರೆ ಇಲ್ಲದ್ದು ಅಂತ ಹೇಳಿ, ಖಾಲಿ ಲೋಟಕ್ಕೆ ಡಿಕಾಕ್ಷನ್ ಬೀಳುವುದನ್ನು ನೋಡಿ.

ಇನ್ನೊಂದು ವಿಷಯ. ಒಂದೇ ಹೋಟೆಲಿನಲ್ಲಿ ಸೆಲ್ಫ್ ಸರ್ವಿಸ್, ಸರ್ವಿಸ್ ಹಾಲ್, ಏಸಿ ಹಾಲ್ ಅಂತ ಮೂರು ದರ ಇರಬಹುದು. ಅಡುಗೆ ಒಂದೇ. ಅವ್ವನವರು ಕೂರಬೇಕಾದ್ದರಿಂದ ಸರ್ವಿಸ್ ಹಾಲ್ ಸಾಕು. ಅಲ್ಲಿ ದೋಸೆ ಮಾತ್ರ ಎರಡು ನಿಮಿಷ ತಡವಾಗಿ ಬರುತ್ತೆ.

ಮಾಳಮಡ್ಡಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಇನ್ನೆರಡು ಕೇಳೋದೈತಿ. ಸೋಮವಾರ ಅವ್ವಂದು ಒಪ್ಪತ್ತು, ಒಂದ ಹೊತ್ತು ಊಟ, ಇನ್ನೊಂದ ಹೊತ್ತು ಫಲಾಹಾರ. ಆವತ್ತು ಹೆಂಗ ಮಾಡೂದು? ಆಮ್ಯಾಲೆ ರಾತ್ರಿ ರೈಲಿಗೆ ಏನ್ ಕಟ್ಟಿಸ್ಕೋಬೇಕು? ಅವರೆಕಾಯಿ ಕಾಲ ಅಂತ ಕೇಳೀನಿ, ಅದರದ್ದೇನರ ತಿನ್ನೋದಿದ್ರ ಅದನ್ನೂ ಹೇಳ್ರಿ.

ಬಳೇಪೇಟೆ ಕಾಫಿ

ಅವರೆಯಿಂದ ಶುರು ಮಾಡುತ್ತೇನೆ. ಜನವರಿ ಅದರ ಭರ್ತಿ ಕಾಲ. ಮಾಗಡಿ ಕಡೆಯ ಸೊಗಡಿನ ಕಾಯಿ ಊರಿಗೆ ಬಂದಿರುತ್ತೆ. ಶನಿವಾರ ಸಂಜೆ ವಿ.ವಿ. ಪುರದ ತಿಂಡಿ ಬೀದಿಗೆ ಹೋಗಿ, ಸಜ್ಜನ್‌ರಾವ್ ವೃತ್ತದ ಪಕ್ಕ, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಹತ್ತಿರ. ಆರೂವರೆಗೆ ಹೋದರೆ ನಡೆದಾಡಲು ಜಾಗ ಇರುತ್ತೆ, ಎಂಟರ ಮೇಲೆ ನೂಕುನುಗ್ಗಲು. ಅವರೆಬೇಳೆ ದೋಸೆ, ಹಿತಕಿದ ಬೇಳೆ ಸಾರಿನ ಜೊತೆ ರೊಟ್ಟಿ, ಕಂಡಲ್ಲಿ ತೆಗೆದುಕೊಳ್ಳಿ. ರಾತ್ರಿ ಅವರೆ ಹೊಟ್ಟೆಗೆ ಭಾರ, ಅವ್ವನವರಿಗೆ ಅರ್ಧ ಸಾಕು. ಅವರನ್ನು ಬೀದಿಯಲ್ಲಿ ನಿಲ್ಲಿಸದೆ ಸಾಲಿನಲ್ಲೇ ಇರುವ ವಿ.ಬಿ. ಬೇಕರಿಯಿಂದ ಖಾರಾ ಬನ್, ಕಾಂಗ್ರೆಸ್ ಕಡಲೆಕಾಯಿ (ಖಾರ ಹಚ್ಚಿದ ಕಡಲೆಕಾಯಿ ಬೀಜ) ಕಟ್ಟಿಸಿಕೊಂಡು ಬೇಗ ಹೊರಡಿ. ಆ ಕಡಲೆಕಾಯಿ ಸೋಮವಾರದ ರೈಲಿಗೂ ಆಗುತ್ತೆ.

ಸಂಪಿಗೆ ರಸ್ತೆ

ಸೋಮವಾರ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಲಾಡ್ಜ್ ಖಾಲಿ ಮಾಡುವ ಹೊತ್ತು, ಹೋಟೆಲುಗಳಲ್ಲಿ ರೊಟ್ಟಿ ಬಿಸಿ ಇರುವ ಹೊತ್ತು, ಎರಡೂ ಅದೇ. ಬೆಳಗ್ಗೆ ನೀವು ಮೂವರು ಬ್ರಾಹ್ಮಿನ್ಸ್‌ಗೆ ಹೋಗಿಬರುವಷ್ಟರಲ್ಲಿ ಅವ್ವನವರಿಗೆ ಸಕ್ಕರೆ ಇಲ್ಲದ ಹಾಲು, ಸೀಬೆಹಣ್ಣು, ನೆನೆಸಿದ ಬಾದಾಮಿ ಕೋಣೆಯಲ್ಲೇ ಇರಲಿ. ಹಣ್ಣನ್ನು ಹಿಂದಿನ ರಾತ್ರಿಯೇ ತಂದಿಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಒಪ್ಪತ್ತಿನ ದಿನದ ಪ್ರಮಾಣವನ್ನು ಊರಿಂದ ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಪರಊರಿನಲ್ಲಿ ಓಡಾಟ ಜಾಸ್ತಿ, ಶುಗರ್ ಬೇಗ ಇಳಿಯುತ್ತೆ. ಸಂಜೆಗೆ ಅವರ ಪದ್ಧತಿಯಲ್ಲಿ ನಡೆಯುವುದಾದರೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು ದರ್ಶಿನಿಗಳಲ್ಲಿ ಕೇಳಿ ನೋಡಿ. ಉಪ್ಪಿಟ್ಟಿಗೆ ಈರುಳ್ಳಿ ಹಾಕಿರುತ್ತಾರೆ, ಅವರಿಗೆ ನಡೆಯುತ್ತೋ ಇಲ್ಲವೋ ನೋಡಿ.

ರೈಲಿಗೆ ಕಟ್ಟಿಸುವುದಾದರೆ ಪುಳಿಯೋಗರೆ. ಹುಣಸೆ, ಎಣ್ಣೆ ಇರುವುದರಿಂದ ಬೆಳಗಿನವರೆಗೂ ಕೆಡುವುದಿಲ್ಲ. ಚಪಾತಿ ಆದರೆ ಒಣ ಪಲ್ಯದ ಜೊತೆ ಮಾತ್ರ. ಕುರ್ಮಾ, ಸಾಗು ಪೊಟ್ಟಣದಲ್ಲಿ ಸೋರುತ್ತೆ, ಕಾಯಿ ಹಾಕಿದ್ದರೆ ಹಳಸುತ್ತೆ. ಇಡ್ಲಿಗೆ ಚಟ್ನಿ ಬೇಡ, ಚಟ್ನಿಪುಡಿ ಎಣ್ಣೆ ಕೇಳಿ. ಬಿಸಿ ಅನ್ನವನ್ನು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಿಸಿದರೆ ಒಳಗೆ ನೀರು ಬಿಟ್ಟು ಬೇಗ ಹುಳಿಯಾಗುತ್ತೆ, ಹತ್ತು ನಿಮಿಷ ಆರಲು ಬಿಟ್ಟು ಬಾಳೆಲೆ ಪೇಪರಿನಲ್ಲಿ ಕಟ್ಟಲು ಹೇಳಿ. ಬಹಳ ಸಾಗರ್ ಹೋಟೆಲುಗಳಲ್ಲಿ ಹತ್ತರ ಮೇಲೆ ಅಡುಗೆ ಮನೆ ಮುಚ್ಚುತ್ತಾ ಬರುತ್ತೆ, ಎಂಟೂವರೆಯೊಳಗೆ ಪಾರ್ಸೆಲ್ ಕೈಯಲ್ಲಿರಲಿ. ಲಗೇಜು ಹಿಡಿದುಕೊಂಡು ಗಾಂಧಿನಗರದಿಂದ ಸ್ಟೇಷನ್ನಿಗೆ ರಸ್ತೆ ದಾಟುವುದಕ್ಕೇ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ರಸ್ತೆಯಡಿಯ ಸುರಂಗದಾರಿಯ ಮೆಟ್ಟಿಲು ಅವ್ವನವರಿಗೆ ಆಗದು, ಆ ಒಂದು ಕಿಲೋಮೀಟರಿಗೂ ಆಟೊ ಮಾಡಿಕೊಳ್ಳಿ.